ಗೇರುಬೀಜ ಇಳಿಸಿದ ಡಬ್ಬಕ್ಕೇ ಶಿರಸಿ ಹಾಳೆ ತಟ್ಟೆ ತುಂಬಿದ್ದು: ನನ್ನ ಅನುಭವ

40 ಅಡಿ ಡಬ್ಬ, ಅಂದ್ರೆ ಕಂಟೇನರ್, ಮಂಗಳೂರು ಬಂದರು ಇರೋ ಪಣಂಬೂರಿಂದ ಖಾಲಿ ಬರ್ಬೇಕು, ಅಡಿಕೆ ಹಾಳೆ ತಟ್ಟೆ ತುಂಬ್ಕೊಂಡು ವಾಪಸ್ ಹೋಗ್ಬೇಕು, ಬಾಡಿಗೆ ಮಾತ್ರ ಎರಡೂ ದಿಕ್ಕಿಂದು ನಮ್ಮ ತಲೆ ಮೇಲೆ. ಶಿರಸಿ, ಸಿದ್ದಾಪುರ ಕಡೆಯಿಂದ ಎಕ್ಸ್‌ಪೋರ್ಟ್ ಮಾಡೋ ಎಲ್ಲರಿಗೂ ಗೊತ್ತಿರೋದೇ ಇದು. ಅದೇ ಹೊತ್ತಿಗೆ ಕುಮಟಾದ ಗೇರು ಫ್ಯಾಕ್ಟರಿಗೆ ಆಫ್ರಿಕಾ ಗೇರುಬೀಜ ಬರ್ತದೆ, ಇಳಿಸಿದ ಮೇಲೆ ಆ ಡಬ್ಬ ಖಾಲಿನೇ ಮಂಗಳೂರಿಗೆ ಓಡ್ತದೆ. ಒಂದೇ ಎನ್‌ಎಚ್ 66 ಮೇಲೆ ಒಂದು ಖಾಲಿ ಇತ್ಲಾಗೆ ಬರ್ತಾ ಇದೆ, ಇನ್ನೊಂದು ಖಾಲಿ ಅತ್ಲಾಗೆ ಹೋಗ್ತಾ ಇದೆ, ಎರಡಕ್ಕೂ ಡೀಸೆಲ್ಲು, ಎರಡಕ್ಕೂ ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ ಟೋಲು. ಗೇರುಬೀಜದ ಡಬ್ಬಕ್ಕೇ ತಟ್ಟೆ ತುಂಬಿ ಕಳಿಸೋಣ ಅಂದ್ರೆ ನಮ್ಮ ಸರಕು ಕಳಿಸೋ ಏಜೆಂಟ್ (ಫಾರ್ವರ್ಡರು) "ಅದೆಲ್ಲ ಮುಂಬೈ ಹತ್ರ ನವಾ ಶೇವಾ ಬಂದರಲ್ಲಿ ನಡೀತದೆ, ಕುಮಟಾದಲ್ಲಿ ಯಾರು ಮಾಡ್ತಾರೆ" ಅಂದ್ರು. ಟ್ರೈಲರ್ ಮಾಲೀಕನೂ ಹಾಗೇ ಅಂದ, ಅವ್ನಿಗೆ ಎರಡು ಟ್ರಿಪ್ಪಿನ ಬಾಡಿಗೆ ಒಂದಾಗ್ತದಲ್ಲ.

ಮೊದಲ ತೊಡಕು ಲೈನಿಂದು, ಅಂದ್ರೆ ಡಬ್ಬ ಕೊಡೋ ಹಡಗು ಕಂಪನಿದು. ಗೇರುಬೀಜ ಯಾವ ಲೈನಿನ ಡಬ್ಬದಲ್ಲಿ ಬಂತೋ ನಮ್ಮ ಬುಕಿಂಗೂ ಅದೇ ಲೈನಲ್ಲಿ ಇರ್ಬೇಕು, ಸೈಜೂ ಅದೇ ಇರ್ಬೇಕು, ಮೇಲಿಂದ ಖಾಲಿ ಡಬ್ಬ ಯಾರ್ಡಿಗೆ ಬಾರದೆ ಸರ್ವೆ ಹೇಗೆ ಅಂತ ಅವ್ರ ತಕರಾರು. ಒಂದು ಲೈನಿನವ್ರು ಕೊನೇ ತನಕ ಒಪ್ಲೇ ಇಲ್ಲ. ಒಪ್ಪಿದವ್ರು ಸಹ ಡಬ್ಬದ ಆರೂ ಮೈಯ ಫೋಟೊ, ಒಳಗಿನ ವಿಡಿಯೊ ಕೇಳಿದ್ರು, ಡ್ಯಾಮೇಜ್ ಆದ್ರೆ ನಮ್ಮ ಖರ್ಚು ಅಂತ ಬರೆಸ್ಕೊಂಡ್ರು, ಫೀಸು ಬೇರೆ. ಬರೆದು ಕೊಟ್ಟೆ. ಒಳಗೆ ಒಬ್ಬನ್ನ ನಿಲ್ಸಿ ಬಾಗ್ಲು ಗಟ್ಟಿ ಹಾಕಿ, ಎಲ್ಲಿಂದ ಬೆಳಕು ಬರ್ತದೆ ನೋಡೋದು ನಾವು ಮೊದಲಿಂದ ಮಾಡ್ತಿದ್ದ ಕೆಲ್ಸನೇ, ಅದನ್ನೇ ವಿಡಿಯೊ ಮಾಡಿ ಕಳಿಸ್ತೀವಿ ಈಗ. ಯಾವ ಫ್ಯಾಕ್ಟರಿಗೆ ಯಾವ ಲೈನಿನ ಡಬ್ಬ ಯಾವ ವಾರ ಬರ್ತದೆ ಅಂತ ನಂಗೆ ಹತ್ತು ದಿನ ಮೊದ್ಲೇ ಹೇಗೆ ಗೊತ್ತಾಗ್ತದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದ್ರಲ್ಲೇ ನನ್ನ ಅನ್ನ ಇರೋದು.

ಎರಡನೇದು ಘಾಟಿ. ಶಿರಸಿಯಿಂದ ಕುಮಟಾಕ್ಕೆ ಇಳಿಯೋ ದೇವಿಮನೆ ಘಾಟಿ ತಿರುವಲ್ಲಿ 40 ಅಡಿ ಟ್ರೈಲರ್ ಹತ್ಸೋ ಆಸೆ ಬಿಟ್ಟು, ಕುಮಟಾದಲ್ಲೇ ಗೋಡೌನ್ ಹಿಡಿದು ಡಬ್ಬಕ್ಕೆ ನಾವೇ ಸೀಲ್ ಹಾಕೋ ಕಸ್ಟಮ್ಸ್ ಪರ್ಮಿಷನ್ನಿಗೆ (ಸೆಲ್ಫ್ ಸೀಲಿಂಗ್) ಆ ಜಾಗ ಸೇರಿಸ್ಕೊಂಡೆ. 2017ರ ಕೊನೇಲಿ ಎಲೆಕ್ಟ್ರಾನಿಕ್ ಸೀಲ್ (ಇ-ಸೀಲ್) ಬಂದ್ಮೇಲೆ ಕಸ್ಟಮ್ಸ್ ಆಫೀಸರ್ ಎದುರಿಗೇ ಸೀಲ್ ಆಗ್ಬೇಕು ಅನ್ನೋದು ಹೋಯ್ತಲ್ಲ, ಅದಿಲ್ದಿದ್ರೆ ಈ ಪ್ಲಾನೇ ಇರ್ತಿರ್ಲಿಲ್ಲ. ತಟ್ಟೆ ಎರಡು ಲಾರೀಲಿ ಕೆಳಗಿಳೀತದೆ, ದೇವಿಮನೆ ರಸ್ತೆ ಬಂದ್ ಇದ್ರೆ ಸಿದ್ದಾಪುರ, ದೊಡ್ಮನೆ ಮೇಲಿಂದ.

ನಿಜವಾಗಿ ನಿದ್ದೆ ಕೆಡಿಸಿದ್ದು ಮಾತ್ರ ವಾಸನೆ. ಗೇರುಬೀಜ ತಿಂಗಳಿಗಟ್ಲೆ ಗೋಣಿಚೀಲದಲ್ಲಿ ಕೂತು ಬಂದಿರ್ತದೆ, ಅಡಿಯ ಪ್ಲೈವುಡ್ಡಿಗೆ ಅದರ ಎಣ್ಣೆ ಅಂಟಿರ್ತದೆ, ಮೂಲೇಲಿ ಧೂಳು, ಹುಳ. ಹಾಳೆ ತಟ್ಟೆ ವಾಸನೆ ಹೀರೋದ್ರಲ್ಲಿ ಹತ್ತಿ ಇದ್ದ ಹಾಗೆ. ಶುರುವಿನ ಒಂದು ಲೋಡಿಗೆ ಜರ್ಮನಿ ಬಯರ್ ಡೆಬಿಟ್ ನೋಟ್ ಕಳಿಸ್ದ, ಒಂದು ಲಕ್ಷದ ಹತ್ರ ಹತ್ರ. ಆಮೇಲೆ ನೀರು ಹಾಕಿ ತೊಳೆಸಿದ್ವಿ, ವಾಸನೆ ಹೋಯ್ತು, ಆದ್ರೆ ಪ್ಲೈವುಡ್ ನೀರು ಕುಡೀತು, ಹಗಲು ಕಾದು ರಾತ್ರಿ ತಣ್ಣಗಾದಾಗ ಆ ನೀರೇ ಸೂರಿಂದ ತಟ್ಟೆ ಪೆಟ್ಟಿಗೆ ಮೇಲೆ ಹನಿ ಹನಿ ಬಿತ್ತು, ಮೇಲಿನ ಎರಡು ಸಾಲಿಗೆ ಬೂಷ್ಟು. ಈಗ ನೀರು ಮುಟ್ಸೋದೇ ಇಲ್ಲ. ಗುಡಿಸೋದು, ಬ್ಲೋವರ್ ಹೊಡಿಯೋದು, ಎರಡೂ ಬಾಗ್ಲು ತೆಗೆದು ಸಮುದ್ರದ ಗಾಳಿ ಏಳೋ ಮೊದ್ಲೇ ಬಿಸಿಲಿಗೆ ಬಿಡೋದು, ಮಾಯಿಶ್ಚರ್ ಮೀಟರಲ್ಲಿ ನೆಲ 18 ಪರ್ಸೆಂಟಿನ ಒಳಗೆ ಬಂದ್ರೆ ಮಾತ್ರ ಕ್ರಾಫ್ಟ್ ಪೇಪರ್ ಹಾಸೋದು. ಪೇಪರ್ ಅಡಿಗೆ ಒಂದು ಸಾಮಾನು ಉದುರಿಸ್ತೀವಿ, ಶಿರಸಿ ಪೇಟೇಲೇ ಸಿಗ್ತದೆ, ಯಾವುದು ಅಂತ ಹೇಳಲ್ಲ.

ಇದರ ನಡುವೆ ಡೆಸಿಕಂಟ್ (ತೇವ ಹೀರೋ ಸಾಮಾನು) ಮೇಲೂ ಒಂದಿಷ್ಟು ಆಟ ಆಡಿದ್ದೆ. ಸಿಲಿಕಾ ಜೆಲ್ ಪ್ಯಾಕೆಟ್ಟು ಪೆಟ್ಟಿಗೆ ಒಳಗೆ ಹಾಕಿದ್ರೆ ಪೆಟ್ಟಿಗೆಗಷ್ಟೇ ಸಾಕು, ಡಬ್ಬದ ಗಾಳಿಗೆ ಏನೂ ಅಲ್ಲ. ಇದ್ದಿಲು ಚೀಲ ತೂಗುಹಾಕಿ ನೋಡ್ದೆ, ವಾಸನೆಗೆ ಸ್ವಲ್ಪ ಉಪಯೋಗ, ತೇವಕ್ಕೆ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೋಲು ಗೋಡೆಯ ಏಣುಗಳ ಸಂದಿಗೆ ಕಟ್ಟಿದ್ದೇ ಕೆಲ್ಸಕ್ಕೆ ಬಂದಿದ್ದು. ಡೇಟಾ ಲಾಗರ್ ಒಂದು ಇಟ್ಟು ಕಳಿಸಿದ್ದೆ, ಹ್ಯಾಂಬರ್ಗಲ್ಲಿ ತೆಗೆದು ನೋಡಿದ್ರೆ ಒಳಗಿನ ತೇವ ಮೊದಲಿಗಿಂತ ಎಷ್ಟೋ ಕಮ್ಮಿ. ಹಡಗು ಬದಲಿಸೋ ಕೊಲಂಬೊದಲ್ಲಿ ಡಬ್ಬ ಬಿಸಿಲಿಗೆ ಕೂತಷ್ಟೂ ದಿನ ಗ್ರಾಫ್ ಏರೋದು ಕಣ್ಣಿಗೆ ಕಾಣ್ತದೆ, ಅದಕ್ಕೇ ಟ್ರಾನ್ಸ್‌ಶಿಪ್‌ಮೆಂಟ್ ಗ್ಯಾಪ್ ಕಮ್ಮಿ ಇರೋ ಸೇಲಿಂಗೇ ಹಿಡೀತೀನಿ, ಫ್ರೇಟ್ ಸ್ವಲ್ಪ ಜಾಸ್ತಿ ಆದ್ರೂ ಸರಿ.

ದುಡ್ಡಿನ ವಿಷ್ಯ. ಮೊದಲು ಒಂದು 40 ಅಡಿಗೆ ಖಾಲಿ ತರೋದು, ಲಿಫ್ಟಿಂಗು, ಪಣಂಬೂರ್ ಗೇಟು ಮುಟ್ಸೋದು ಎಲ್ಲ ಸೇರಿ 52 ಸಾವಿರದ ಸುಮಾರು. ಈಗ ಟ್ರೈಲರಲ್ಲಿ ನನ್ನ ಪಾಲು 22, ಘಾಟಿ ಇಳಿಯೋ ಲಾರಿ 9, ಲೈನಿನ ಫೀಸು 4, ಕ್ಲೀನಿಂಗು, ಪೇಪರು 3, ಅಂದ್ರೆ 38ರ ಆಸುಪಾಸು. ಫ್ಯಾಕ್ಟರಿಯವ್ರಿಗೆ ಖಾಲಿ ವಾಪಸ್ ಕಳ್ಸೋ ಖರ್ಚಿಲ್ಲ, ಡಬ್ಬ ತಡ ಮಾಡಿದ್ರೆ ಲೈನಿನವ್ರು ಹಾಕೋ ಡಿಟೆನ್ಷನ್ ಬಾಡಿಗೆಯ ಮೀಟರೂ ಕುಮಟಾದಲ್ಲೇ ನಿಲ್ತದೆ. ಟ್ರೈಲರಿನವ್ನಿಗೆ ಹೋಗ್ತಾ ಬರ್ತಾ ಎರಡೂ ಕಡೆ ಲೋಡು, ಅದೂ ಅವ್ನೇ ಲೆಕ್ಕ ಹಾಕಿ ನೋಡಿ ಒಪ್ಪಿದ್ದು. ಬೆಳಿಗ್ಗೆ ಗೇರುಬೀಜ ಇಳಿದ್ರೆ ಸಂಜೆಗೆ ಸೀಲ್, ರಾತ್ರಿ ಹೊರಟ್ರೆ ಬೆಳಗಾಗೋದ್ರೊಳಗೆ ಪಣಂಬೂರು, 180 ಚಿಲ್ಲರೆ ಕಿಲೋಮೀಟರು.

ಜನ ನಂಬಿದ್ದು 2024ರಲ್ಲಿ. ಕೆಂಪು ಸಮುದ್ರದ ಗಲಾಟೇಲಿ ಹಡಗೆಲ್ಲ ಆಫ್ರಿಕಾ ಸುತ್ತಾಕ್ಕೊಂಡು ಹೋಗೋಕೆ ಶುರುವಾಗಿ ಖಾಲಿ ಡಬ್ಬಕ್ಕೆ ಹಾಹಾಕಾರ ಎದ್ದಾಗ ಬೇರೆಯವ್ರ ಬುಕಿಂಗು ವಾರಗಟ್ಲೆ ರೋಲ್ ಆಗ್ತಿತ್ತು, ಅಂದ್ರೆ ಮುಂದಿನ ಹಡಗಿಗೆ ತಳ್ತಾ ಹೋಗ್ತಿದ್ರು. ಐವರಿ ಕೋಸ್ಟ್ ಗೇರುಬೀಜದ ಡಬ್ಬ ಕುಮಟಾದಲ್ಲಿ ನನ್ನ ಗೋಡೌನ್ ಬಾಗ್ಲಲ್ಲೇ ಇತ್ತು. ಆಗ ಎಕ್ಸ್‌ಪೋರ್ಟರ್ ಒಬ್ಬ ಮಂಗಳೂರಿಂದ ಫೋನ್ ಮಾಡಿ ಎರಡು ಡಬ್ಬ ಬಿಟ್ಕೊಡಿ ಅಂದ, ಕೊಡ್ಲಿಲ್ಲ.

ಸೀಸನ್ ಕೂಡಿ ಬರ್ಬೇಕು, ಅದೊಂದು ಇದೆ. ಪಶ್ಚಿಮ ಆಫ್ರಿಕಾದ್ದು ಬೇಸಿಗೆ ಕೊನೆಯಿಂದ ಮಳೆಗಾಲದ ತನಕ, ತಾಂಜಾನಿಯಾದ್ದು ಚಳಿಗಾಲದಲ್ಲಿ. ಸೆಪ್ಟೆಂಬರ್ ಹೊತ್ತಿಗೆ ಡಬ್ಬ ಸಿಗೋದು ಕಷ್ಟ, ಆಗ ಹಳೇ ದಾರಿನೇ. ಕಾರವಾರ ಬಂದರು ಹತ್ರ ಇದೆಯಲ್ಲ ಅಂತ ಕೇಳ್ತಾರೆ, ಆ ಬಂದರು ಇರೋ ಬೈತ್ಕೋಲಿಗೆ ಬಿಟುಮೆನ್ (ಡಾಂಬರು) ಹಡಗು ಬರ್ತದೆ, ನಮ್ಮ ಡಬ್ಬ ಎತ್ತೋಕೆ ಕಂಟೇನರ್ ಹಡಗು ಬರಲ್ಲ.

ಅಂಕೋಲಾ ಕಡೆ ಇದನ್ನ ಮಾಡೋಕೆ ಹೊರಟಿರೋರಿಗೆ ಒಂದು ಮಾತು: ಬೆಳಕಿನ ಟೆಸ್ಟು, ಮೀಟರ್ ರೀಡಿಂಗು ಎರಡೂ ಪಾಸಾಗೋ ತನಕ ಡಬ್ಬದ ನಂಬರ್ ಹಾಕಿ ಕಸ್ಟಮ್ಸಿಗೆ ಶಿಪ್ಪಿಂಗ್ ಬಿಲ್ ಫೈಲ್ ಮಾಡ್ಬೇಡಿ, ಡ್ರಾಫ್ಟ್ ರೆಡಿ ಇಟ್ಕೊಳ್ಳಿ. ನಂಬರ್ ಬದಲಿಸೋ ಅಮೆಂಡ್‌ಮೆಂಟಿಗೆ ಕೂತ್ರೆ ಬಂದರಿಗೆ ಡಬ್ಬ ಮುಟ್ಸೋ ಕಟ್‌ಆಫ್ ತಪ್ತದೆ, ಉಳಿಸಿದ 14 ಸಾವಿರ ಅಲ್ಲೇ ಹೋಗ್ತದೆ.