ಊಟದ ತಟ್ಟೆಯಗಲದ ತರಗತಿಗೆ ಹನ್ನೆರಡು ಬೆಂಚು: ಪುಟಾಣಿ ಪೀಠೋಪಕರಣವನ್ನು ಎರಕ ಹೊಯ್ಯುವ ಬಗೆ

ಹಳ್ಳಿಯ ಸರ್ಕಾರಿ ಶಾಲೆಯ ತರಗತಿಯೊಂದನ್ನು ಊಟದ ತಟ್ಟೆಯಷ್ಟು ಜಾಗದಲ್ಲಿ ಕಟ್ಟಲು ಹೊರಟಾಗ ಗೋಡೆ, ಹೆಂಚು, ಕರಿಹಲಗೆ ಯಾವುದೂ ನನ್ನನ್ನು ಹೆಚ್ಚು ಕಾಡಲಿಲ್ಲ. ಕಾಡಿದ್ದು ಬೆಂಚು. ಮೊದಲನೆಯದನ್ನು ಕೈಯಲ್ಲೇ ಕತ್ತರಿಸಿ ಅಂಟಿಸಲು ಎರಡು ಸಂಜೆ ಹಿಡಿಯಿತು. ಎರಡನೆಯದು ಮೊದಲನೆಯದರ ಪಕ್ಕ ನಿಂತಾಗ ಅರ್ಧ ಮಿಲಿಮೀಟರ್ ಗಿಡ್ಡವಾಗಿತ್ತು. ಮೂರನೆಯದರ ಕಾಲು ಸೊಟ್ಟ. ಬೇಕಿದ್ದದ್ದು ಹನ್ನೆರಡು. ಆಗ ಹಿಡಿದ ದಾರಿಯೇ ಇಲ್ಲಿ ಹೇಳಲಿರುವುದು: ಒಂದೇ ಒಂದು ಬೆಂಚನ್ನು ಮನಸ್ಸಿಟ್ಟು ಮಾಡಿ, ಅದರಿಂದ ರಬ್ಬರಿನಂತೆ ಬಾಗುವ ಸಿಲಿಕಾನ್ ಅಚ್ಚು ತೆಗೆದು, ಉಳಿದದ್ದನ್ನು ಗಟ್ಟಿಕಾರಕ ಬೆರೆಸಿದಾಗ ಗಟ್ಟಿಯಾಗುವ ದ್ರವ, ಅಂದರೆ ರೆಸಿನ್‌ನಲ್ಲಿ ಎರಕ ಹೊಯ್ಯುವುದು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಿ. ಬೆಂಚಿನಲ್ಲಿ ಹನ್ನೆರಡಕ್ಕೂ ಸೇರಿದ್ದು ಯಾವುದು, ಒಂದೊಂದಕ್ಕೆ ಮಾತ್ರ ಸೇರಿದ್ದು ಯಾವುದು? ಅಳತೆ, ಹಲಗೆಯ ಸಂದು, ಮರದ ಎಳೆ, ಪೆನ್ನಿಡುವ ಗುಳಿ, ಮೊಳೆಯ ತಲೆ ಇವೆಲ್ಲ ಎಲ್ಲಕ್ಕೂ ಸೇರಿದ್ದು. ಇವು ಮೂಲ ಮಾದರಿಯಲ್ಲಿ ಇರಬೇಕು. ಕೈವಾರದ ಮೊನೆಯಿಂದ ಕೆತ್ತಿದ ಹೆಸರು, ಮಸಿಯ ಕಲೆ, ಮುರಿದ ಮೂಲೆ ಒಂದೊಂದಕ್ಕೆ ಸೇರಿದ್ದು. ಅವನ್ನು ಮಾದರಿಯಲ್ಲಿ ಕೆತ್ತಿದರೆ ಅದೇ ಗಾಯ ಹನ್ನೆರಡು ಬೆಂಚಿನಲ್ಲೂ ಅದೇ ಜಾಗದಲ್ಲಿ ಮೂಡುತ್ತದೆ, ನೋಡಿದವರ ಕಣ್ಣು ಕ್ಷಣದಲ್ಲಿ ಅದನ್ನು ಹಿಡಿಯುತ್ತದೆ. ಆದ್ದರಿಂದ ಮಾದರಿ ಹೊಸದಾಗಿ ಬಡಗಿಯ ಮನೆಯಿಂದ ಬಂದ ಬೆಂಚಿನಂತಿರಲಿ. ಹಳೆಯದಾಗಿಸುವ ಕೆಲಸ ಕೊನೆಗೆ.

ಅಳತೆ

ನಾನು ಓದಿದ ಶಾಲೆಗೇ ಹೋಗಿ ಟೇಪು ಹಿಡಿದು ಅಳೆದೆ. ಮೂವರು ಮಕ್ಕಳು ಕೂರುವ, ಡೆಸ್ಕು ಮತ್ತು ಬೆಂಚು ಒಂದೇ ಚೌಕಟ್ಟಿನಲ್ಲಿ ಕೂಡಿರುವ ಹಳೆಯ ಬಗೆ ಅದು. ಉದ್ದ 120 ಸೆಂ.ಮೀ., ಬರೆಯುವ ಹಲಗೆಯ ಎತ್ತರ 66, ಕೂರುವ ಹಲಗೆಯ ಎತ್ತರ 38, ಹಲಗೆಯ ದಪ್ಪ ಎರಡೂವರೆ, ಕಾಲಿನ ದಪ್ಪ 5 ಸೆಂ.ಮೀ. ಇವನ್ನು 24ರಿಂದ ಭಾಗಿಸಿದರೆ 1:24 ಪ್ರಮಾಣದ ಅಳತೆ ಸಿಗುತ್ತದೆ: ಉದ್ದ 50 ಮಿ.ಮೀ., ಎತ್ತರ ಇಪ್ಪತ್ತೇಳೂವರೆ, ಕೂರುವ ಹಲಗೆ ಸುಮಾರು 16, ಹಲಗೆಯ ದಪ್ಪ 1, ಕಾಲು 2 ಮಿ.ಮೀ. ಈ ಪ್ರಮಾಣವನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಅದೇ. 1 ಮತ್ತು 2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ತಯಾರಾಗಿಯೇ ಸಿಗುತ್ತದೆ.

ಗೊಂಬೆಮನೆ ಕಟ್ಟುವವರ ಪ್ರಮಾಣ 1:12, ಅಂದರೆ ಒಂದು ಅಡಿಗೆ ಒಂದು ಅಂಗುಲ. ನವದೆಹಲಿಯ ರಾಷ್ಟ್ರಪತಿ ಭವನವನ್ನು ವಿನ್ಯಾಸಗೊಳಿಸಿದ ಎಡ್ವಿನ್ ಲುಟೆನ್ಸ್ 1920ರ ದಶಕದಲ್ಲಿ ಬ್ರಿಟನ್ನಿನ ರಾಣಿ ಮೇರಿಗಾಗಿ ರೂಪಿಸಿದ ಗೊಂಬೆಮನೆ ಇದೇ ಪ್ರಮಾಣದ್ದು. ಅದರ ನಲ್ಲಿಯಲ್ಲಿ ನೀರು ಬರುವ, ಲಿಫ್ಟು ಓಡಾಡುವ ಏರ್ಪಾಡಿದೆ. 1:12ರಲ್ಲಿ ನೋಡುವವರು ಅಷ್ಟನ್ನು ನಿರೀಕ್ಷಿಸುತ್ತಾರೆ. ಯುದ್ಧದ ಟ್ಯಾಂಕುಗಳ ಮಾದರಿಯವರಿಗೆ ಪ್ರಿಯವಾದ 1:35ರಲ್ಲಿ ಇದೇ ಬೆಂಚಿನ ಹಲಗೆ ಮುಕ್ಕಾಲು ಮಿಲಿಮೀಟರಿಗೂ ತೆಳುವಾಗುತ್ತದೆ. ಮೊದಲ ಸಲ ಎರಕ ಹೊಯ್ಯುವವರಿಗೆ ಅದು ಕಷ್ಟ.

ಮೂಲ ಮಾದರಿ

ಮರದ ಬೆಂಚಿಗೆ ಮರವನ್ನೇ ಬಳಸಬೇಕೆಂದು ಎಲ್ಲರಿಗೂ ಮೊದಲು ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಮರದ ಎಳೆ ಚಿಕ್ಕದಾಗುವುದಿಲ್ಲ. ಬಾಲ್ಸಾ ಎಂಬ ಹಗುರ ಮರ ಅಥವಾ ಐಸ್‌ಕ್ರೀಮ್ ಕಡ್ಡಿಯ ಮೇಲಿನ ಅರ್ಧ ಮಿ.ಮೀ. ಸೀಳು 1:24ರಲ್ಲಿ 12 ಮಿ.ಮೀ. ಬಿರುಕಿಗೆ ಸಮ. ಅಂಥ ಬಿರುಕಿರುವ ಹಲಗೆಯ ಮೇಲೆ ಯಾವ ಮಗುವೂ ಕಾಪಿ ಬರೆಯಲಾರದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆಯನ್ನು ಆರಿಸಿಕೊಳ್ಳಿ; ಮಾದರಿ ತಯಾರಿಕೆಯ ಸಾಮಗ್ರಿ ಮಾರುವವರಲ್ಲಿ ಸಿಗುತ್ತದೆ. ಸನ್‌ಬೋರ್ಡ್ ಎಂಬ ಹಗುರ ನೊರೆಪ್ಲಾಸ್ಟಿಕ್ ಹಲಗೆ ಅಗ್ಗವಾದರೂ ಅದರ ಕತ್ತರಿಸಿದ ಅಂಚು ಸ್ಪಂಜಿನಂತೆ ಕಾಣುತ್ತದೆ. ಅಚ್ಚಿನ ಪೆಟ್ಟಿಗೆಗೆ ಸರಿ, ಬೆಂಚಿಗೆ ಬೇಡ.

ಹಾಳೆಯನ್ನು ಒಂದೇ ಸಲ ಒತ್ತಿ ಕತ್ತರಿಸಬೇಡಿ. ಉಕ್ಕಿನ ಸ್ಕೇಲು ಇಟ್ಟು ಚೂಪಾದ ಬ್ಲೇಡಿನಿಂದ ಹಗುರವಾಗಿ ನಾಲ್ಕೈದು ಸಲ ಗೀರಿ, ಆಮೇಲೆ ಗೀರಿನ ಮೇಲೆ ಮಡಚಿದರೆ ನೇರವಾಗಿ ಮುರಿಯುತ್ತದೆ. ಹಲಗೆಗಳ ಮೇಲೆ ಒರಟು ಉಪ್ಪುಕಾಗದವನ್ನು ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಎರಡು ಮೂರು ಸಲ ಎಳೆಯಿರಿ. ಕಂಡೂ ಕಾಣದಂತೆ ಗೆರೆ ಮೂಡಿದರೆ ಸಾಕು, ಬಣ್ಣ ಬಿದ್ದಾಗ ಅವು ತಾವಾಗಿ ಎದ್ದು ಕಾಣುತ್ತವೆ. ಅಂಚುಗಳನ್ನು ನಯವಾದ ಕಾಗದದಿಂದ ಒಮ್ಮೆ ಸವರಿ. ಮೊಳೆಯ ತಲೆಗೆ ಸೂಜಿಯ ಮೊನೆಯಿಂದ ಚುಕ್ಕಿ ಒತ್ತಿ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಬೆಂಚನ್ನು ಪೂರ್ತಿ ಜೋಡಿಸಿ, ಅದರದ್ದೇ ಅಚ್ಚು ತೆಗೆಯಲು ಹೋಗುವುದು. ಕಾಲುಗಳ ನಡುವೆ, ಹಲಗೆಯ ಅಡಿಗೆ ಸಿಲಿಕಾನ್ ಹೊಕ್ಕು ಗಟ್ಟಿಯಾದ ಮೇಲೆ ಮಾದರಿಯನ್ನು ಬಿಡಿಸುವಾಗ ಅಚ್ಚು ಹರಿಯುತ್ತದೆ, ಇಲ್ಲವೇ ಕಾಲು ಮುರಿಯುತ್ತದೆ. ನಾನು ಜೋಡಿಸುವುದೇ ಇಲ್ಲ. ಬರೆಯುವ ಹಲಗೆ, ಚೀಲ ಇಡುವ ಕೆಳಹಲಗೆ, ಕೂರುವ ಹಲಗೆ, ಕಾಲಿಡುವ ಪಟ್ಟಿ ಮತ್ತು ಪಕ್ಕದ ಎರಡು ಚೌಕಟ್ಟು ಹೀಗೆ ಒಟ್ಟು ಆರು ತುಂಡು. ಆರೂ ಚಪ್ಪಟೆ, ಹಾಗಾಗಿ ಮೇಲ್ಭಾಗ ತೆರೆದ ಒಂದೇ ಅಚ್ಚು ಸಾಕಾಗುತ್ತದೆ. ಎರಡು ಹೋಳಿನ ಅಚ್ಚು ಕಡೆದ ಕಾಲಿನ ಕುರ್ಚಿಗೆ ಬೇಕಾಗುತ್ತದೆ. ಅದನ್ನು ಕೈ ಪಳಗಿದ ಮೇಲೆ ಮಾಡಿ.

ಅಚ್ಚು

ಆರು ತುಂಡುಗಳನ್ನೂ ಚೆಂದದ ಮುಖ ಮೇಲಾಗಿ ನಯವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಸುಮಾರು 5 ಮಿ.ಮೀ. ಅಂತರ ಬಿಟ್ಟು ಅಂಟಿಸಿ. ಅಂಚು ಎಲ್ಲಿಯೂ ಎದ್ದಿರಬಾರದು. ಕೂದಲೆಳೆಯಷ್ಟು ಸಂದಿದ್ದರೂ ಸಿಲಿಕಾನ್ ಅದರೊಳಗೆ ನುಸುಳುತ್ತದೆ. ಸುತ್ತಲೂ 1 ಸೆಂ.ಮೀ. ಜಾಗ ಬಿಟ್ಟು ಸನ್‌ಬೋರ್ಡಿನ ಗೋಡೆ ಎಬ್ಬಿಸಿ, ಮೂಲೆಗಳನ್ನು ಬಿಸಿ ಅಂಟಿನಿಂದ ಮುಚ್ಚಿ. ನನ್ನ ಪೆಟ್ಟಿಗೆ 9 ಸೆಂ.ಮೀ. ಅಗಲ, 11 ಸೆಂ.ಮೀ. ಉದ್ದ. ಎಷ್ಟು ಸಿಲಿಕಾನ್ ಬೇಕೆಂದು ತಿಳಿಯಲು ಪೆಟ್ಟಿಗೆಗೆ 1 ಸೆಂ.ಮೀ. ಆಳದಷ್ಟು ರಾಗಿ ತುಂಬಿ, ಅದನ್ನು ಅಳತೆ ಲೋಟಕ್ಕೆ ಸುರಿದು ನೋಡಿ. ನನಗೆ 100 ಮಿ.ಲೀ.ಗೆ ತುಸು ಕಡಿಮೆ ಬಂತು. ರಾಗಿಯ ಒಂದು ಕಾಳೂ ಒಳಗೆ ಉಳಿಯದಂತೆ ಕೊಡವಿ.

ಅಚ್ಚಿನ ಸಿಲಿಕಾನ್ ಎರಡು ಬಗೆಯದು. ತವರ ಆಧಾರಿತ ಗಟ್ಟಿಕಾರಕದ್ದು ಅಗ್ಗ, ಹಠಮಾರಿಯಲ್ಲ, ಆದರೆ ಕಾಲಕ್ರಮೇಣ ತುಸು ಕುಗ್ಗುತ್ತದೆ ಮತ್ತು ಕೆಲವು ವರ್ಷಗಳಲ್ಲಿ ಅಚ್ಚು ಬಿರುಸಾಗುತ್ತದೆ. ಪ್ಲಾಟಿನಂ ಬಗೆಯದು ಅಳತೆ ಕಾಯ್ದುಕೊಳ್ಳುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಗಂಧಕ ತಗುಲಿದರೆ ಅದು ಗಟ್ಟಿಯಾಗುವುದೇ ಇಲ್ಲ. ಮಕ್ಕಳು ಆಡುವ ಹಲವು ಬಗೆಯ ಮೆತ್ತನೆ ಜೇಡಿಯಲ್ಲಿ, ಲೇಟೆಕ್ಸ್ ಕೈಗವಸಿನಲ್ಲಿ ಗಂಧಕ ಇರುತ್ತದೆ. ಮಾದರಿಯ ಮೂಲೆಯಲ್ಲಿ ಒಂದು ಹನಿ ಹಾಕಿ, ಅದು ಗಟ್ಟಿಯಾದದ್ದನ್ನು ಕಂಡ ಮೇಲೆ ಉಳಿದದ್ದನ್ನು ಕಲಸಿ. ಮೊದಲ ಅಚ್ಚಿಗೆ ತವರದ ಬಗೆಯೇ ಸಾಕು ಎನ್ನುವುದು ನನ್ನ ಅನುಭವ.

ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ತೂಕ ಮಾಡಿ, ಲೋಟದ ತಳ ಮತ್ತು ಗೋಡೆಯನ್ನು ಕೆರೆಯುತ್ತ ನಿಧಾನವಾಗಿ ಕಲಸಿ. ಮೊದಲು ಕುಂಚದಿಂದ ಮಾದರಿಯ ಮೇಲೆ ತೆಳುವಾಗಿ ಬಳಿಯಿರಿ, ಗೆರೆಗಳಲ್ಲಿ ಗುಳ್ಳೆ ಸಿಕ್ಕಿಕೊಳ್ಳದಿರಲು ಇದೇ ಉಪಾಯ. ಉಳಿದದ್ದನ್ನು ಪೆಟ್ಟಿಗೆಯ ಒಂದೇ ಮೂಲೆಗೆ, ಎತ್ತರದಿಂದ, ದೋಸೆಗೆ ಎಣ್ಣೆ ಬಿಡುವಾಗಿನಷ್ಟು ಸಣ್ಣ ಎಳೆಯಾಗಿ ಸುರಿಯಿರಿ. ಎಳೆ ತೆಳುವಾದಷ್ಟೂ ಗುಳ್ಳೆಗಳು ಇಳಿಯುವ ದಾರಿಯಲ್ಲೇ ಒಡೆಯುತ್ತವೆ. ಅದು ತಾನಾಗಿ ಹರಡಿ ಮಾದರಿಯನ್ನು ಮುಚ್ಚಲಿ. ಒಂದು ದಿನ ಮುಟ್ಟಬೇಡಿ. ಆಮೇಲೆ ಪೆಟ್ಟಿಗೆ ಬಿಚ್ಚಿ, ಅಚ್ಚನ್ನು ಮಗುಚಿ ತುಂಡುಗಳನ್ನು ಬಿಡಿಸಿದರೆ ಅವುಗಳ ಆಕಾರದ ಗುಳಿಗಳು ಉಳಿಯುತ್ತವೆ.

ಎರಕ

ಪಾಲಿಯುರೆಥೇನ್ ರೆಸಿನ್ ಬೇಗ ಗಟ್ಟಿಯಾಗುತ್ತದೆ, ಅರ್ಧ ಗಂಟೆಯೊಳಗೆ ತುಂಡನ್ನು ಬಿಡಿಸಬಹುದಾದ ಬಗೆಗಳೂ ಇವೆ. ಆದರೆ ಅದಕ್ಕೆ ತೇವ ಆಗದು. ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ರೆಸಿನ್ ನೊರೆಯುಕ್ಕುತ್ತದೆ. ಆಷಾಢದ ಮಳೆಯಲ್ಲಿ ನಾನು ಹೊಯ್ದ ಮೊದಲ ನಾಲ್ಕು ಬೆಂಚುಗಳೂ ಬ್ರೆಡ್ಡಿನಂತೆ ತೂತು ತೂತಾಗಿದ್ದವು. ಗಾಳಿಯ ತೇವದ ಜೊತೆಗೆ ಕಾಗದದ ಲೋಟ ಮತ್ತು ಮರದ ಕಡ್ಡಿಯಲ್ಲಿದ್ದ ತೇವವೂ ಅದಕ್ಕೆ ಕಾರಣ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ಒಂದು ದಿನ ಕಾಯಬೇಕು, ಆದರೆ ಮೋಸ ಮಾಡುವುದು ಕಡಿಮೆ.

ಯಾವುದೇ ರೆಸಿನ್ ಆದರೂ ನೈಟ್ರೈಲ್ (ಕೃತಕ ರಬ್ಬರ್) ಕೈಗವಸು, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಕಡ್ಡಾಯ. ಪಾಲಿಯುರೆಥೇನ್‌ಗೆ ರಾಸಾಯನಿಕ ಆವಿಯನ್ನು ತಡೆಯುವ ಮುಖಗವಸು ಬೇಕು, ಬಟ್ಟೆಯ ಮಾಸ್ಕ್ ಸಾಲದು. ಅಡುಗೆಮನೆಯ ಲೋಟ, ಚಮಚ ಬಳಸಬೇಡಿ. ಮಕ್ಕಳು ಬಣ್ಣ ಹಚ್ಚುವಾಗ ಜೊತೆಗೂಡಲಿ, ಈ ಹಂತದಲ್ಲಿ ಬೇಡ.

ಒಂದು ಬೆಂಚಿಗೆ ಬೇಕಾಗುವುದು ಸುಮಾರು 3 ಮಿ.ಲೀ. ಮಾತ್ರ. ಅಷ್ಟೇ ಕಲಸಲು ಹೋಗಬೇಡಿ. ಅಷ್ಟು ಸ್ವಲ್ಪದರಲ್ಲಿ ರೆಸಿನ್ ಮತ್ತು ಗಟ್ಟಿಕಾರಕದ ಪ್ರಮಾಣ ಒಂದು ಹನಿ ಹೆಚ್ಚುಕಡಿಮೆಯಾದರೂ ತುಂಡು ಅಂಟಂಟಾಗಿ ಉಳಿಯಬಹುದು. ಆಭರಣ ತೂಗುವಂಥ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಕನಿಷ್ಠ 10 ಗ್ರಾಂ ಕಲಸಿ. ತಯಾರಕರು ಕೊಟ್ಟ ಪ್ರಮಾಣ ತೂಕದ್ದೋ (ಗ್ರಾಂ) ಗಾತ್ರದ್ದೋ (ಮಿ.ಲೀ.) ಓದಿ ನೋಡಿ, ಎರಡೂ ಒಂದಲ್ಲ. ಮಿಕ್ಕ ರೆಸಿನ್ ವ್ಯರ್ಥವಾಗದಂತೆ ಸ್ಲೇಟು, ಸೀಮೆಸುಣ್ಣದ ಪೆಟ್ಟಿಗೆ, ಮೇಷ್ಟರ ಸ್ಟೂಲಿನ ಅಚ್ಚುಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.

ಅಚ್ಚಿನೊಳಗೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ, ಮಗುಚಿ ತಟ್ಟಿ ತೆಗೆಯಿರಿ. ಉಳಿದ ತೆಳು ಲೇಪ ರೆಸಿನ್ನನ್ನು ಮೂಲೆಗಳಿಗೆ ಎಳೆದುಕೊಳ್ಳುತ್ತದೆ. ಚೌಕಟ್ಟಿನ ಕಾಲುಗಳ ಗುಳಿಯಲ್ಲಿ ತಲೆ ಕತ್ತರಿಸಿದ ಗುಂಡುಸೂಜಿ ಇಟ್ಟರೆ 2 ಮಿ.ಮೀ. ಕಾಲು ಮುರಿಯುವ ಭಯವಿಲ್ಲ. ರೆಸಿನ್ ಹನಿಸಿ, ಹಲ್ಲುಕಡ್ಡಿಯಿಂದ ಮೂಲೆ ಮೂಲೆಗೂ ತಳ್ಳಿ, ಗುಳ್ಳೆ ಎಬ್ಬಿಸಿ ಒಡೆಯಿರಿ. ಕೊನೆಗೆ ಓಎಚ್‌ಪಿ ಹಾಳೆಯೊಂದನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒಂದು ಅಂಚಿನಿಂದ ನಿಧಾನವಾಗಿ ಹಾಸುತ್ತ ಬನ್ನಿ. ಹೆಚ್ಚಿನ ರೆಸಿನ್ ಮುಂದೆ ಸರಿದು ಹೊರಬೀಳುತ್ತದೆ, ತುಂಡಿನ ಹಿಂಬದಿ ಗಾಜಿನಷ್ಟು ಸಮತಟ್ಟಾಗುತ್ತದೆ.

ಬಿಡಿಸುವಾಗ ತುಂಡನ್ನು ಎಳೆಯಬೇಡಿ, ಅಚ್ಚನ್ನು ಬಾಗಿಸಿ. ಎಪಾಕ್ಸಿಯ ತೆಳು ಹಲಗೆ ಬಾಗಿ ಬಂದಿದ್ದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು ತಣಿಯಲು ಬಿಡಿ, ನೇರವಾಗುತ್ತದೆ. ಅಂಚಿನ ಪದರವನ್ನು ಉಪ್ಪುಕಾಗದದಿಂದ ನೀರು ಸವರಿಕೊಂಡೇ ಉಜ್ಜಿ, ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಜೋಡಣೆ ಮತ್ತು ಬಣ್ಣ

ತುಂಡುಗಳನ್ನು ಪಾತ್ರೆ ತೊಳೆಯುವ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಎರಡು ಚೌಕಟ್ಟುಗಳನ್ನು ನೇರವಾಗಿ ನಿಲ್ಲಿಸಲು ಒಂದೇ ಅಗಲದ ಮರದ ತುಂಡೊಂದನ್ನು ನಡುವೆ ಇಟ್ಟು ಹಲಗೆಗಳನ್ನು ಫೆವಿಕ್ವಿಕ್‌ನಿಂದ ಕೂಡಿಸಿದರೆ ಹನ್ನೆರಡೂ ಒಂದೇ ಅಳತೆಗೆ ಬರುತ್ತವೆ.

ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬೂದು ಪ್ರೈಮರ್, ಅದರ ಮೇಲೆ ತಿಳಿಕಂದು ಅಕ್ರಿಲಿಕ್, ಅದು ಒಣಗಿದ ಮೇಲೆ ಗಾಢ ಕಂದು ತೈಲವರ್ಣವನ್ನು ಟರ್ಪಂಟೈನಿನಲ್ಲಿ ತೆಳುಮಾಡಿ ಬಳಿದು ಬಟ್ಟೆಯಿಂದ ಒರೆಸುವುದು. ಗೆರೆಗಳಲ್ಲಿ ಮಾತ್ರ ಬಣ್ಣ ಉಳಿದು ಸಾಗುವಾನಿಯ ಎಳೆ ಎದ್ದು ಬರುತ್ತದೆ. ತಿಳಿಕಂದನ್ನು ಪ್ರತಿ ಬೆಂಚಿಗೂ ತುಸು ಬೇರೆಯಾಗಿ ಕಲಸಿ. ಶಾಲೆಯ ಬೆಂಚುಗಳೆಲ್ಲ ಒಂದೇ ವರ್ಷ ಬಂದವಲ್ಲ.

ಈಗ ಒಂದೊಂದನ್ನೂ ಬೇರೆಯಾಗಿಸುವ ಸಮಯ. ನಾನು ಇದಕ್ಕೆ ಅಚ್ಚಿಗಿಂತ ಹೆಚ್ಚು ದಿನ ಕೊಟ್ಟೆ. ಅಳೆದ ಬೆಂಚುಗಳ ಫೋಟೊಗಳನ್ನು ಎದುರಿಗಿಟ್ಟುಕೊಂಡು ಒಂದಕ್ಕೆ ಸೂಜಿಯಿಂದ ಅಕ್ಷರ ಗೀಚಿದೆ, ಇನ್ನೊಂದರ ಮೇಲೆ ನೀಲಿ ಮಸಿಯ ಹನಿ ಬೀಳಿಸಿದೆ. ಹಿಂದಿನ ಸಾಲಿನದ್ದರ ಕಾಲನ್ನು ಅರ್ಧ ಮಿ.ಮೀ. ಅರೆದು ಅಡಿಗೆ ಕಲ್ಲಿನ ಚೂರು ಕೊಟ್ಟೆ. ಮುರಿದಿದ್ದ ಮತ್ತೊಂದಕ್ಕೆ ತಗಡಿನ ಪಟ್ಟಿ ಬಡಿದಂತೆ ಬೆಳ್ಳಿಬಣ್ಣದ ಕಾಗದ ಅಂಟಿಸಿದೆ. ಮಕ್ಕಳ ಮೊಣಕೈ ಊರುವ ಅಂಚಿಗೆ ಮಾತ್ರ ಅರೆಹೊಳಪಿನ ವಾರ್ನಿಷ್ ಮುಟ್ಟಿಸಿ, ಉಳಿದ ಮೈಗೆ ಹೊಳಪಿಲ್ಲದ್ದು. ನೂರಾರು ತೋಳು ಉಜ್ಜಿ ನಯವಾದ ಮರ ಹಾಗೆಯೇ ಹೊಳೆಯುತ್ತದೆ.

ಮಳೆಯಲ್ಲಿ ನೊರೆಯುಕ್ಕಿ ಕೆಟ್ಟ ಬೆಂಚುಗಳನ್ನು ನಾನು ಎಸೆದಿರಲಿಲ್ಲ. ಅವಕ್ಕೆ ಬೂದುಬಣ್ಣ ಬಳಿದು, ಗೆದ್ದಲು ತಿಂದ ಬೆಂಚುಗಳಂತೆ ಒಂದರ ಮೇಲೊಂದು ಪೇರಿಸಿ ವರಾಂಡದ ಮೂಲೆಯಲ್ಲಿ ಇಟ್ಟಿದ್ದೇನೆ.