ತಾರಸಿಯ ಟ್ಯಾಂಕಿನಿಂದ ಯುಡಿಪಿ ಸಂದೇಶ: ಪೈಥಾನ್‌ನಲ್ಲಿ ನಾನು ಕಟ್ಟಿದ ವ್ಯವಸ್ಥೆ

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲದಡಿ ಒಂದು ಸಂಪು, ತಾರಸಿಯ ಮೇಲೆ ಎರಡು ಟ್ಯಾಂಕುಗಳಿವೆ. ಕಾವೇರಿ ನೀರು ಬಾರದ ದಿನ ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನೆಚ್ಚಿಕೊಳ್ಳಬೇಕಾದ್ದರಿಂದ, ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ವಾಚ್‌ಮನ್‌ಗೂ ಸಂಘದ ಕಾರ್ಯದರ್ಶಿಗಳಿಗೂ ಯಾವಾಗಲೂ ತಿಳಿದಿರಬೇಕು. ಇದಕ್ಕಾಗಿ ಎಸ್.ಪಿ. ರಸ್ತೆಯಿಂದ ವೈಫೈ ಇರುವ ಇಎಸ್‌ಪಿ32 ಎಂಬ ಚಿಕ್ಕ ಬೋರ್ಡುಗಳನ್ನೂ ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್‌ಗಳನ್ನೂ ತಂದೆ. ಬೋರ್ಡಿನಲ್ಲಿ ಪೈಥಾನ್ ಭಾಷೆಯ ಚಿಕ್ಕ ರೂಪವಾದ ಮೈಕ್ರೋಪೈಥಾನ್, ಕೆಳಗೆ ವಾಚ್‌ಮನ್ ಕೋಣೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ (ಮುಂದೆ ಬರೀ ಪೈ) ಪೈಥಾನ್ ಹಾಕಿ, ಎರಡರ ನಡುವಿನ ಮಾತುಕತೆಗೆ ನೆಟ್‌ವರ್ಕಿನಲ್ಲಿ ಬಿಡಿಬಿಡಿ ಸಂದೇಶಗಳನ್ನು ಕಳುಹಿಸುವ ಯುಡಿಪಿ ಎಂಬ ಸರಳ ವಿಧಾನವನ್ನು ಆರಿಸಿಕೊಂಡೆ.

ಈ ಆಯ್ಕೆಗೆ ಕಾರಣ ತಾರಸಿಯ ವೈಫೈ. ಸಿಗ್ನಲ್ ದುರ್ಬಲವಾದಾಗ, ಎಲ್ಲವನ್ನೂ ಕ್ರಮವಾಗಿ ತಲುಪಿಸಲು ಯತ್ನಿಸುವ ಇನ್ನೊಂದು ವಿಧಾನವಾದ ಟಿಸಿಪಿಯು ತಲುಪದೆ ಉಳಿದ ಹಳೆಯ ಮಾಹಿತಿಯನ್ನೇ ಮತ್ತೆ ಮತ್ತೆ ಕಳುಹಿಸುತ್ತದೆ. ಹೊಸ ಅಳತೆಗಳು ಅದರ ಹಿಂದೆ ಸಾಲಾಗಿ ಕಾಯುತ್ತವೆ. ನೀರಿನ ಮಟ್ಟದ ವಿಷಯದಲ್ಲಿ ಒಂದು ನಿಮಿಷದ ಹಿಂದಿನ ಅಳತೆ ಯಾರಿಗೂ ಬೇಕಾಗಿಲ್ಲ, ಈಗಿನದಷ್ಟೇ ಬೇಕು. 1980ರಲ್ಲಿ ಆರ್‌ಎಫ್‌ಸಿ 768 ಎಂಬ ಮೂರೇ ಪುಟಗಳ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ನಿರೂಪಿತವಾದ ಯುಡಿಪಿಯಲ್ಲಿ ಸಂಪರ್ಕ ಸ್ಥಾಪನೆಯಿಲ್ಲ, ಮರುರವಾನೆಯಿಲ್ಲ, ಕ್ರಮದ ಖಾತರಿಯೂ ಇಲ್ಲ. ಯಾವ ಪ್ರೋಗ್ರಾಮಿನಿಂದ ಯಾವುದಕ್ಕೆ ಎಂದು ಗುರುತಿಸುವ ಎರಡು ಪೋರ್ಟ್ ಸಂಖ್ಯೆಗಳು, ಉದ್ದ ಮತ್ತು ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಸೇರಿ 8 ಬೈಟ್‌ಗಳ ತಲೆಬರಹವಷ್ಟೇ. ಆದರೆ ಒಂದು ಸಂದೇಶ ತಲುಪಿದರೆ ಇಡಿಯಾಗಿ ತಲುಪುತ್ತದೆ, ಇಲ್ಲವಾದರೆ ತಲುಪುವುದೇ ಇಲ್ಲ. ಆದ್ದರಿಂದ ಪ್ರತಿ ಸಂದೇಶವೂ ಹಿಂದಿನದನ್ನು ಅವಲಂಬಿಸದೆ ತಾನಾಗಿಯೇ ಪೂರ್ಣ ಅರ್ಥ ಕೊಡುವಂತಿರಬೇಕು ಎಂಬುದನ್ನು ನಾನು ಇಡೀ ವಿನ್ಯಾಸದ ನಿಯಮವಾಗಿ ಇಟ್ಟುಕೊಂಡೆ. "ನೀರು 20 ಮಿಲಿಮೀಟರ್ ಇಳಿಯಿತು" ಎಂದು ಕಳುಹಿಸಿದರೆ ಒಂದು ಸಂದೇಶ ಕಳೆದರೂ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. "ನೀರು 840 ಮಿಲಿಮೀಟರ್ ಇದೆ" ಎಂದು ಕಳುಹಿಸಿದರೆ ಮುಂದಿನ ಸಂದೇಶ ಬರುವ ಹೊತ್ತಿಗೆ ಎಲ್ಲವೂ ಸರಿಹೋಗಿರುತ್ತದೆ.

ಸಾಕೆಟ್, ಅಂದರೆ ಪ್ರೋಗ್ರಾಮು ನೆಟ್‌ವರ್ಕಿನೊಡನೆ ಮಾತಾಡುವ ದ್ವಾರ, ತೆರೆಯುವ ಕೆಲಸ ಪೈಥಾನ್‌ನಲ್ಲಿ ನಾಲ್ಕೈದು ಸಾಲುಗಳಲ್ಲಿ ಮುಗಿಯುತ್ತದೆ. ಸ್ವೀಕರಿಸುವ ಕಡೆ ಡೇಟಾಗ್ರಾಮ್ (ಯುಡಿಪಿ) ಬಗೆಯ ಸಾಕೆಟ್ ತೆರೆದು ಬೈಂಡ್ ಮಾಡಬೇಕು, ಅಂದರೆ ಅದನ್ನು ಒಂದು ವಿಳಾಸ ಮತ್ತು ಪೋರ್ಟಿಗೆ ಕಟ್ಟಬೇಕು. ಕಳುಹಿಸುವ ಕಡೆ ಬೈಂಡ್ ಇಲ್ಲದೆಯೂ ನೇರವಾಗಿ ಕಳುಹಿಸುವ ಸೆಂಡ್‌ಟು ಫಂಕ್ಷನ್ ಕರೆಯಬಹುದು. 127.0.0.1ಕ್ಕೆ ಬೈಂಡ್ ಮಾಡಿದರೆ ಅದೇ ಯಂತ್ರದ ಸಂದೇಶಗಳಷ್ಟೇ ಬರುತ್ತವೆ, ಹೊರಗಿನವು ಬರಬೇಕಾದರೆ 0.0.0.0 ಇಲ್ಲವೇ ಆ ಯಂತ್ರದ ಸ್ವಂತ ವಿಳಾಸ ಕೊಡಬೇಕು. ಸ್ವೀಕರಿಸುವ ಫಂಕ್ಷನ್ ಆದ ರಿಸೀವ್‌ಫ್ರಮ್‌ಗೆ ಕೊಡುವ ಬಫರ್ (ಸಂದೇಶ ತುಂಬಿಕೊಳ್ಳುವ ಜಾಗ) ಗಾತ್ರಕ್ಕಿಂತ ಸಂದೇಶ ದೊಡ್ಡದಾಗಿದ್ದರೆ ಲಿನಕ್ಸ್ ಮಿಕ್ಕ ಭಾಗವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಾಗಾಗಿ ನಾನು ಅಗತ್ಯಕ್ಕಿಂತ ದೊಡ್ಡ ಬಫರ್ ಕೊಟ್ಟು, ಬಂದದ್ದರ ಉದ್ದ ನಿರೀಕ್ಷಿಸಿದಷ್ಟೇ ಇಲ್ಲದಿದ್ದರೆ ಆ ಸಂದೇಶವನ್ನು ಪೂರ್ತಿ ತಿರಸ್ಕರಿಸುತ್ತೇನೆ. ಸಾಮಾನ್ಯ ಈಥರ್ನೆಟ್ ಮಿತಿಯಾದ 1500 ಬೈಟ್‌ಗಳಲ್ಲಿ ಐಪಿಯ 20, ಯುಡಿಪಿಯ 8 ಬೈಟ್‌ಗಳ ತಲೆಬರಹಗಳನ್ನು ಕಳೆದರೆ 1472 ಬೈಟ್ ಉಳಿಯುತ್ತದೆ. ಅದನ್ನು ಮೀರಿದ ಸಂದೇಶ ತುಂಡಾಗುತ್ತದೆ, ಒಂದು ತುಂಡು ಕಳೆದರೂ ಇಡೀ ಸಂದೇಶವೇ ಹೋದಂತೆ.

ನನ್ನ ಸಂದೇಶ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅಂಕಿಗಳನ್ನು ಬೈಟ್‌ಗಳಾಗಿಸುವ ಪೈಥಾನ್‌ನ ಸ್ಟ್ರಕ್ಟ್ ಮಾಡ್ಯೂಲಿನಿಂದ ಜೋಡಿಸಿದ ಅದರಲ್ಲಿ ಇರುವುದು 10 ಬೈಟ್‌ಗಳು: ಆವೃತ್ತಿಗೆ 1, ಟ್ಯಾಂಕಿನ ಸಂಖ್ಯೆಗೆ 1, ಬೂಟ್ ಗುರುತಿಗೆ 2, ಕ್ರಮಸಂಖ್ಯೆಗೆ 4, ಮಿಲಿಮೀಟರ್‌ಗಳಲ್ಲಿ ನೀರಿನ ಮಟ್ಟಕ್ಕೆ 2. ಸ್ಟ್ರಕ್ಟ್‌ಗೆ ಈ ಜೋಡಣೆಯನ್ನು ತಿಳಿಸುವ ಫಾರ್ಮ್ಯಾಟ್ ಸಾಲಿನ ಆರಂಭದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಬೈಟ್‌ಗಳು ನೆಟ್‌ವರ್ಕ್ ಕ್ರಮದಲ್ಲಿ (ದೊಡ್ಡ ಬೆಲೆಯ ಬೈಟ್ ಮೊದಲು) ಕೂರುತ್ತವೆ, ನಡುವೆ ಖಾಲಿ ಬೈಟ್‌ಗಳೂ ಸೇರುವುದಿಲ್ಲ. ಇವುಗಳಲ್ಲಿ ಬೂಟ್ ಗುರುತಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಕ್ರಮಸಂಖ್ಯೆ ಚಿಕ್ಕದಾಗಿದ್ದರೆ ಅದು ತಡವಾಗಿ ಬಂದ ಹಳೆಯ ಸಂದೇಶವೆಂದು ಬಿಟ್ಟುಬಿಡಬೇಕು. ಆದರೆ ಕರೆಂಟ್ ಹೋಗಿ ಬಂದಾಗ ಬೋರ್ಡಿನ ಕ್ರಮಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ, ಅದರ ನಂತರದ ಸರಿಯಾದ ಸಂದೇಶಗಳೂ ಹಳೆಯವೆಂದೇ ಕಾಣುತ್ತವೆ. ಪ್ರತಿ ಬಾರಿ ಚಾಲೂ ಆದಾಗ ಬೋರ್ಡು ಯಾದೃಚ್ಛಿಕ ಸಂಖ್ಯೆಯೊಂದನ್ನು ಗುರುತಾಗಿ ಆರಿಸಿಕೊಂಡರೆ, ಗುರುತು ಬದಲಾದೊಡನೆ ಪೈ ಎಣಿಕೆಯನ್ನು ಹೊಸದಾಗಿ ಆರಂಭಿಸುತ್ತದೆ. ಕರೆಂಟ್ ಹೋಗುವುದು ಮಾಮೂಲಾಗಿರುವ ನಮ್ಮಲ್ಲಿ ಇದು ಅನಿವಾರ್ಯ.

ಸಂದೇಶ ಬಾರದಿರುವುದೂ ಒಂದು ಮಾಹಿತಿಯೇ. ಸಾಕೆಟ್‌ಗೆ ಟೈಮ್‌ಔಟ್ (ಕಾಯುವ ಅವಧಿಯ ಮಿತಿ) ಇಟ್ಟರೆ ಮಾತ್ರ ಸಾಲದು, ಏಕೆಂದರೆ ಒಂದನೇ ಟ್ಯಾಂಕಿನ ಸಂದೇಶ ಬರುತ್ತಿರುವವರೆಗೆ ಎರಡನೆಯದು ಮೌನವಾಗಿರುವುದು ಆ ಟೈಮ್‌ಔಟ್‌ನಿಂದ ತಿಳಿಯುವುದಿಲ್ಲ. ಪ್ರತಿ ಟ್ಯಾಂಕಿನ ಕೊನೆಯ ಸಂದೇಶದ ಹೊತ್ತನ್ನು ಪ್ರತ್ಯೇಕವಾಗಿ, ಅದೂ ಎಂದೂ ಹಿಂದೆ ಮುಂದೆ ಹಾರದ ಮಾನೊಟೋನಿಕ್ ಗಡಿಯಾರದಿಂದ ಬರೆದಿಟ್ಟುಕೊಳ್ಳುತ್ತೇನೆ. ನಮ್ಮ ಪೈನಲ್ಲಿ ಬ್ಯಾಟರಿ ಗಡಿಯಾರವಿಲ್ಲದ ಕಾರಣ, ಕರೆಂಟ್ ಬಂದ ಮೇಲೆ ಇಂಟರ್ನೆಟ್ ಸಮಯಸೇವೆಯಾದ ಎನ್‌ಟಿಪಿಯಿಂದ ಸಮಯ ಪಡೆಯುವಾಗ ಅದರ ಸಾಮಾನ್ಯ ಗಡಿಯಾರ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ನಿಗದಿತ ಅವಧಿ ಮೀರಿದರೆ ಪರದೆಯ ಮೇಲೆ ಹಳೆಯ ಅಂಕಿಯನ್ನು ಉಳಿಸದೆ "ಮಾಹಿತಿ ಇಲ್ಲ" ಎಂದು ತೋರಿಸುತ್ತೇನೆ. ಹಳೆಯ ಅಂಕಿಯನ್ನು ನಂಬಿ ಟ್ಯಾಂಕರ್‌ಗೆ ಫೋನ್ ಮಾಡದೆ ಕೂರುವುದಕ್ಕಿಂತ ವಾಚ್‌ಮನ್ ಮೆಟ್ಟಿಲು ಹತ್ತಿ ನೋಡುವುದೇ ಮೇಲು.

ಮೋಟಾರ್ ಚಾಲೂ ಮಾಡುವ ಆಜ್ಞೆಯೇ ನಿಜವಾಗಿ ಯೋಚಿಸಬೇಕಾದ ಭಾಗ. "ಚಾಲೂ ಮಾಡು", "ನಿಲ್ಲಿಸು" ಎಂಬ ಎರಡು ಆಜ್ಞೆಗಳನ್ನಿಟ್ಟರೆ, ಎರಡನೆಯದು ದಾರಿಯಲ್ಲಿ ಕಳೆದರೆ ಟ್ಯಾಂಕ್ ತುಂಬಿ ಹರಿಯುತ್ತದೆ, ಸಂಪು ಬರಿದಾದರೆ ಮೋಟಾರೇ ಸುಡಬಹುದು. ಆದ್ದರಿಂದ ನಿಲ್ಲಿಸುವ ಆಜ್ಞೆಯನ್ನೇ ಇಡಲಿಲ್ಲ. "ಇನ್ನು 20 ಸೆಕೆಂಡ್ ಓಡಲಿ" ಎಂಬ ಸಂದೇಶವನ್ನು ಪೈ 5 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಮೋಟಾರ್ ಸ್ಟಾರ್ಟರ್‌ನ ಸ್ವಿಚ್ಚನ್ನು ನಿಯಂತ್ರಿಸುವ ರಿಲೇ ಬೋರ್ಡು ಪ್ರತಿ ಸಲವೂ ಅವಧಿಯನ್ನು ಹೊಸದಾಗಿ ಎಣಿಸುತ್ತದೆ. ಒಂದೆರಡು ಸಂದೇಶ ಕಳೆದರೆ ಏನೂ ಆಗುವುದಿಲ್ಲ. ವೈಫೈ, ರೂಟರ್, ಪೈ ಯಾವುದು ಕೈಕೊಟ್ಟರೂ ಮೋಟಾರ್ ತಾನಾಗಿಯೇ ನಿಲ್ಲುತ್ತದೆ. ಯುಡಿಪಿಯಲ್ಲಿ ಕಳುಹಿಸಿದವರ ವಿಳಾಸವನ್ನು ಸುಲಭವಾಗಿ ನಕಲಿ ಮಾಡಬಹುದಾದ್ದರಿಂದ ಈ ಆಜ್ಞೆಗೆ ಗುಟ್ಟಿನ ಕೀಲಿಯಿಂದ ಲೆಕ್ಕಹಾಕುವ ಎಚ್‌ಮ್ಯಾಕ್ ಎಂಬ ಸಹಿಯನ್ನೂ ಸೇರಿಸಿದ್ದೇನೆ. ಯಾರಾದರೂ ಹಳೆಯ ಆಜ್ಞೆಯನ್ನು ಹಿಡಿದಿಟ್ಟುಕೊಂಡು ಮತ್ತೆ ಕಳುಹಿಸದಂತೆ, ರಿಲೇ ಬೋರ್ಡಿನ ಈಗಿನ ಬೂಟ್ ಗುರುತು ಮತ್ತು ಏರುತ್ತಿರುವ ಕ್ರಮಸಂಖ್ಯೆ ಎರಡೂ ಆ ಸಹಿಯ ವ್ಯಾಪ್ತಿಯಲ್ಲಿವೆ. ಇಷ್ಟಾದರೂ ಟ್ಯಾಂಕ್ ತುಂಬಿದಾಗ ಮೋಟಾರನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ತೆಗೆದಿಲ್ಲ, ತೆಗೆಯಲೂ ಬಾರದು.

ಅಳವಡಿಸುವ ಮೊದಲು ಲಿನಕ್ಸ್‌ನ ಟಿಸಿ ಆಜ್ಞೆಯಲ್ಲಿರುವ ನೆಟ್‌ಎಮ್ ಸೌಲಭ್ಯದಿಂದ ಶೇಕಡಾ 30ರಷ್ಟು ಪ್ಯಾಕೆಟ್‌ಗಳನ್ನು ಬೇಕೆಂದೇ ಬೀಳಿಸಿ, ಕೆಲವನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಅದು ಹೊರಹೋಗುವ ಪ್ಯಾಕೆಟ್‌ಗಳಿಗೆ ಅನ್ವಯಿಸುವುದರಿಂದ, ಟ್ಯಾಂಕಿನ ಬೋರ್ಡಿನ ಬದಲು ಲ್ಯಾಪ್‌ಟಾಪಿನಲ್ಲಿ ಅದೇ ಪೈಥಾನ್ ಕೋಡನ್ನು ಓಡಿಸಬೇಕಾಯಿತು. ಸಂದೇಶ, ನೆಟ್‌ವರ್ಕಿನ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಕಂಡೂ ಪ್ರೋಗ್ರಾಮಿಗೆ ಬರುತ್ತಿಲ್ಲವೆಂದರೆ ಬೈಂಡ್ ವಿಳಾಸ, ಪೋರ್ಟ್ ಅಥವಾ ಫೈರ್‌ವಾಲನ್ನು ನೋಡಬೇಕು. ಟಿಸಿಪಿಡಂಪ್‌ನಲ್ಲೇ ಕಾಣದಿದ್ದರೆ ವೈಫೈ ಅಥವಾ ಕಳುಹಿಸುವ ಕಡೆಯನ್ನು ಶೋಧಿಸಬೇಕು.

ತಿಂಗಳ ಟ್ಯಾಂಕರ್ ಲೆಕ್ಕವನ್ನು ಮಾತ್ರ ಯುಡಿಪಿಯಲ್ಲಿ ಕಳುಹಿಸುವುದಿಲ್ಲ. ಅಲ್ಲಿ ಒಂದೊಂದು ದಾಖಲೆಗೂ ಹಣದ ಸಂಬಂಧವಿದೆ, ಒಂದು ಕಳೆದರೂ ಮುಂದಿನದು ಅದನ್ನು ತುಂಬಿಕೊಡಲಾರದು. ಅದು ಟಿಸಿಪಿಯ ಮೂಲಕವೇ ಸಂಘದ ಕಂಪ್ಯೂಟರಿಗೆ ಹೋಗುತ್ತದೆ.