ಮುಕ್ತ ತಂತ್ರಾಂಶ ಯೋಜನೆಗೆ ಬರುವ ಕೋಡ್ ಕೊಡುಗೆಗಳನ್ನು ನಿರ್ವಹಿಸುವ ಬಗೆ

ಹೊರಗಿನವರೊಬ್ಬರು ಕಳುಹಿಸಿದ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ) ಮರ್ಜ್ ಆದ, ಅಂದರೆ ಯೋಜನೆಯ ಕೋಡಿಗೆ ಸೇರಿದ ಕ್ಷಣದಿಂದ ಆ ಕೋಡಿನ ದೋಷಗಳು, ಅದರ ಬಗ್ಗೆ ಬಳಕೆದಾರರು ಕೇಳುವ ಪ್ರಶ್ನೆಗಳು, ಮುಂದಿನ ಆವೃತ್ತಿಗಳಲ್ಲಿ ಅದು ಕೆಡದಂತೆ ನೋಡಿಕೊಳ್ಳುವ ಕೆಲಸ, ಎಲ್ಲವೂ ಯೋಜನೆಯ ನಿರ್ವಾಹಕರ ಪಾಲಿಗೆ ಬರುತ್ತವೆ. ಬರೆದವರು ಮುಂದಿನ ವರ್ಷವೂ ಜೊತೆಗಿರುತ್ತಾರೆಂಬ ಖಾತ್ರಿ ಇರುವುದಿಲ್ಲ. ಆದ್ದರಿಂದ ಕೋಡ್ ಸರಿಯಾಗಿ ಓಡುತ್ತದೆಯೇ ಎಂದು ನೋಡುವುದಕ್ಕೂ ಮೊದಲು, ಬರೆದವರ ನೆರವಿಲ್ಲದೆ ಇದನ್ನು ನಾವು ನಿಭಾಯಿಸಬಲ್ಲೆವೇ ಎಂದು ಕೇಳಿಕೊಳ್ಳಬೇಕು. ಮುಂದೆ ಹೇಳಿರುವ ಕ್ರಮಗಳಿಗೆಲ್ಲ ಈ ಪ್ರಶ್ನೆಯೇ ಆಧಾರ.

ಮೊದಲ ಕೆಲಸವೆಂದರೆ ರೆಪಾಸಿಟರಿಯ (ಯೋಜನೆಯ ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸವಿರುವ ಸಂಗ್ರಹದ) ಮೂಲ ಫೋಲ್ಡರಿನಲ್ಲಿ ಕೊಡುಗೆದಾರರಿಗಾಗಿ ಒಂದು ಮಾರ್ಗದರ್ಶಿ ಕಡತವನ್ನು ಇಡುವುದು. ಕೋಡನ್ನು ತಮ್ಮ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡುವುದು (ಓಡಿಸಬಹುದಾದ ತಂತ್ರಾಂಶವಾಗಿ ಕಟ್ಟುವುದು) ಹೇಗೆ, ಟೆಸ್ಟ್‌ಗಳನ್ನು ಓಡಿಸುವ ಆಜ್ಞೆ ಯಾವುದು, ಬದಲಾವಣೆಯನ್ನು ಯಾವ ಬ್ರಾಂಚಿಗೆ (ಕೋಡಿನ ಯಾವ ಕವಲಿಗೆ) ಕಳುಹಿಸಬೇಕು, ಉತ್ತರಕ್ಕಾಗಿ ಸಾಮಾನ್ಯವಾಗಿ ಎಷ್ಟು ದಿನ ಕಾಯಬೇಕಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಯೋಜನೆ ಯಾವುದನ್ನು ಸ್ವೀಕರಿಸುವುದಿಲ್ಲ ಎಂಬುದನ್ನೂ ಅಲ್ಲಿಯೇ ಬರೆಯಬೇಕು. ಹೆಚ್ಚಿನ ಯೋಜನೆಗಳು ಬಿಟ್ಟುಬಿಡುವುದು ಈ ಭಾಗವನ್ನೇ. ಹೊಸ ಲೈಬ್ರರಿಗಳನ್ನು (ಬೇರೆಯವರು ಬರೆದ ಸಿದ್ಧ ಕೋಡ್ ಸಂಗ್ರಹಗಳನ್ನು) ಸೇರಿಸಿಕೊಳ್ಳುವುದಿಲ್ಲವೆಂದು ಮೊದಲೇ ತಿಳಿದಿದ್ದರೆ, ಅಂತಹ ಬದಲಾವಣೆಗಾಗಿ ಯಾರೂ ತಮ್ಮ ವಾರಾಂತ್ಯವನ್ನು ಕಳೆಯುವುದಿಲ್ಲ.

ಸಣ್ಣ ತಿದ್ದುಪಡಿಗಳು ನೇರವಾಗಿ ಬರಲಿ. ಆದರೆ ಹೊಸ ಸೌಲಭ್ಯವಾಗಲಿ, ಬಳಕೆದಾರರಿಗೆ ಕಾಣುವ ನಡವಳಿಕೆಯ ಬದಲಾವಣೆಯಾಗಲಿ ಮೊದಲು ಇಶ್ಯೂ (ಯೋಜನೆಯ ಪುಟದಲ್ಲಿ ತೆರೆಯುವ ಚರ್ಚಾ ಟಿಪ್ಪಣಿ) ರೂಪದಲ್ಲಿ ಚರ್ಚೆಗೆ ಬರಬೇಕೆಂಬ ನಿಯಮ ಒಳ್ಳೆಯದು. ಸಾವಿರ ಸಾಲುಗಳ ಕೋಡ್ ಬರೆದು ಮುಗಿಸಿದವರಿಗೆ "ಈ ದಾರಿಯೇ ನಮಗೆ ಬೇಡ" ಎನ್ನುವುದು ಇಬ್ಬರಿಗೂ ಕಷ್ಟ. ಅದೇ ಮಾತನ್ನು ನಾಲ್ಕು ಸಾಲಿನ ಪ್ರಸ್ತಾವದ ಹಂತದಲ್ಲಿ ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ಯಂತ್ರ ಹೇಳಬಹುದಾದದ್ದನ್ನು ಮನುಷ್ಯರು ಹೇಳಬಾರದು. ಸ್ಪೇಸ್, ಸಾಲಿನ ಉದ್ದ, ಹೆಸರಿಡುವ ಕ್ರಮ ಇವೆಲ್ಲ ಕೋಡಿನ ರೂಪವನ್ನು ತಾನಾಗಿಯೇ ಸರಿಪಡಿಸುವ ಫಾರ್ಮ್ಯಾಟರ್ ಮತ್ತು ಬರವಣಿಗೆಯ ತಪ್ಪುಗಳನ್ನು ತೋರಿಸುವ ಲಿಂಟರ್‌ಗಳ ಕೆಲಸ. ಪ್ರತಿ ಪುಲ್ ರಿಕ್ವೆಸ್ಟಿಗೂ ಟೆಸ್ಟ್‌ಗಳು ತಾವಾಗಿಯೇ ಓಡುವಂತೆ ಮಾಡಿ, ಅವು ಪಾಸಾಗದೆ ಮುಖ್ಯ ಬ್ರಾಂಚಿಗೆ ಏನೂ ಸೇರದಂತೆ ಬ್ರಾಂಚ್ ರಕ್ಷಣೆಯ ನಿಯಮವನ್ನು ಹಾಕಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಪರಿಚಿತರ ಕೋಡನ್ನು ನಮ್ಮ ಸರ್ವರಿನಲ್ಲಿ ಓಡಿಸುತ್ತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ. ಪಾಸ್‌ವರ್ಡ್, ಟೋಕನ್, ಬಿಡುಗಡೆಯ ಕೀಲಿ ಮೊದಲಾದ ಗುಟ್ಟಿನ ಮಾಹಿತಿ ಆ ಕೋಡಿಗೆ ಯಾವ ರೀತಿಯಲ್ಲೂ ಸಿಗದಂತೆ ವ್ಯವಸ್ಥೆಯನ್ನು ರೂಪಿಸಬೇಕು, ಮೊದಲ ಬಾರಿಗೆ ಕೊಡುಗೆ ನೀಡುವವರ ಟೆಸ್ಟ್‌ಗಳು ನಿರ್ವಾಹಕರ ಅನುಮತಿಯ ನಂತರವೇ ಓಡಬೇಕು.

ಇನ್ನು ರಿವ್ಯೂ, ಅಂದರೆ ಬಂದ ಕೋಡನ್ನು ಓದಿ ಪರಿಶೀಲಿಸುವ ಕೆಲಸ. ನಿರ್ವಾಹಕರ ಸಮಯ ಹೆಚ್ಚು ಖರ್ಚಾಗುವುದು ಇಲ್ಲಿ, ಖರ್ಚಾಗಬೇಕಾದದ್ದೂ ಇಲ್ಲಿಯೇ. ಒಂದು ಪುಲ್ ರಿಕ್ವೆಸ್ಟಿನಲ್ಲಿ ಒಂದೇ ವಿಷಯ ಇರಬೇಕೆಂದು ಪಟ್ಟು ಹಿಡಿಯಬೇಕು. ದಿನಾಂಕವನ್ನು ಓದುವ ಫಂಕ್ಷನ್ನಿನ ದೋಷವನ್ನು ತಿದ್ದುವ ಆರು ಸಾಲುಗಳು, ನಲವತ್ತು ಕಡತಗಳ ಫಾರ್ಮ್ಯಾಟಿಂಗ್ ಬದಲಾವಣೆಯ ನಡುವೆ ಸೇರಿಕೊಂಡು ಬಂದರೆ, ಆ ಆರು ಸಾಲುಗಳನ್ನು ಯಾರೂ ನಿಜವಾಗಿ ಓದುವುದಿಲ್ಲ. ಓದುವಾಗಲೂ ಕ್ರಮವಿರಲಿ: ಮೊದಲು ಉದ್ದೇಶ, ಆಮೇಲೆ ವಿನ್ಯಾಸ, ಕೊನೆಗೆ ಸಾಲುಗಳು. ಹೊರಗಿನಿಂದ ಬಂದ ಮಾಹಿತಿಯನ್ನು ಕೋಡ್ ಎಲ್ಲಿ ಪರಿಶೀಲಿಸದೆ ನಂಬುತ್ತಿದೆ ಎಂಬುದನ್ನು ಪ್ರತ್ಯೇಕವಾಗಿ ಹುಡುಕಬೇಕು. ಅಂತರ್ಜಾಲದ ಸಂಪರ್ಕಗಳನ್ನು ಗೂಢಲಿಪಿಯಿಂದ ಭದ್ರಪಡಿಸುವ ಓಪನ್‌ಎಸ್‌ಎಸ್‌ಎಲ್‌ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಇಂತಹದ್ದೇ ಆಗಿತ್ತು. ಎದುರಿನವರು ಹೇಳಿದ ಉದ್ದಕ್ಕೂ ನಿಜವಾಗಿ ಬಂದ ಮಾಹಿತಿಯ ಉದ್ದಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಆ ಕೋಡ್ ನೋಡುತ್ತಿರಲಿಲ್ಲ. ರಿವ್ಯೂ ದಾಟಿ 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಅದು 2014ರ ಏಪ್ರಿಲ್‌ವರೆಗೆ ಬೆಳಕಿಗೆ ಬರಲಿಲ್ಲ.

ರಿವ್ಯೂ ಟಿಪ್ಪಣಿಯ ಭಾಷೆಗೂ ಅಷ್ಟೇ ಗಮನ ಕೊಡಬೇಕು. "ಇದು ಸರಿಯಿಲ್ಲ" ಎಂದಷ್ಟೇ ಬರೆದರೆ ಓದಿದವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಅದರ ಬದಲು "ಖಾಲಿ ಕಡತ ಬಂದಾಗ ಈ ಲೂಪ್ ಒಮ್ಮೆಯೂ ಓಡದೆ, ಕೆಳಗಿನ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ, ದಯವಿಟ್ಟು ಖಾಲಿ ಕಡತಕ್ಕೊಂದು ಟೆಸ್ಟ್ ಸೇರಿಸಿ" ಎಂದು ಬರೆದರೆ ದೋಷ, ಕಾರಣ, ಪರಿಹಾರ ಮೂರೂ ಒಟ್ಟಿಗೆ ಸಿಗುತ್ತವೆ. ಕಡ್ಡಾಯವಾಗಿ ಬದಲಿಸಬೇಕಾದದ್ದು ಯಾವುದು, ಕೇವಲ ಸಲಹೆ ಯಾವುದು ಎಂಬುದನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಇಲ್ಲದಿದ್ದರೆ ಹೊಸಬರು ಪ್ರತಿ ಸಲಹೆಯನ್ನೂ ಅಪ್ಪಣೆಯೆಂದೇ ತಿಳಿದು ದಣಿಯುತ್ತಾರೆ. ಪೂರ್ಣ ರಿವ್ಯೂ ಮಾಡಲು ಬಿಡುವಿಲ್ಲದಿದ್ದರೂ "ನೋಡಿದ್ದೇನೆ, ಮುಂದಿನ ವಾರ ವಿವರವಾಗಿ ಓದುತ್ತೇನೆ" ಎಂದು ಒಂದು ಸಾಲು ಬರೆಯುವುದು ನಿರ್ವಾಹಕರ ಕರ್ತವ್ಯ. ಕಟುವಾದ ಟೀಕೆಗಿಂತ ಮೌನವೇ ಹೆಚ್ಚು ಕೊಡುಗೆದಾರರನ್ನು ದೂರ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮರ್ಜ್ ಮಾಡುವಾಗ ಎಲ್ಲ ಕಮಿಟ್‌ಗಳನ್ನು (ಸಂದೇಶದೊಂದಿಗೆ ದಾಖಲಾದ ಒಂದೊಂದು ಬದಲಾವಣೆಯನ್ನು) ಒಂದಾಗಿಸಬೇಕೇ, ಹಾಗೆಯೇ ಉಳಿಸಬೇಕೇ ಎಂಬುದರಲ್ಲಿ ಯೋಜನೆಗೊಂದು ಪದ್ಧತಿ ಇದ್ದರೆ ಸಾಕು. ಆದರೆ ಪ್ರತಿ ಕಮಿಟ್ ಹಂತದಲ್ಲೂ ಕೋಡ್ ಬಿಲ್ಡ್ ಆಗುವಂತಿರಬೇಕು. ಹಾಗಿದ್ದಾಗಲೇ ಕೋಡಿನ ಇತಿಹಾಸವನ್ನು ದಾಖಲಿಸುವ ಗಿಟ್ ತಂತ್ರಾಂಶದ, ಕಮಿಟ್‌ಗಳನ್ನು ಅರ್ಧರ್ಧವಾಗಿ ವಿಂಗಡಿಸಿ ಹುಡುಕುವ ಬೈಸೆಕ್ಟ್ ಆಜ್ಞೆಯಿಂದ ದೋಷ ಯಾವ ಕಮಿಟ್‌ನಲ್ಲಿ ನುಸುಳಿತೆಂದು ಬೇಗ ಪತ್ತೆ ಮಾಡಬಹುದು. ಏನು ಬದಲಾಯಿತೆಂಬುದನ್ನು ಕೋಡೇ ತೋರಿಸುವುದರಿಂದ, ಏಕೆ ಬದಲಾಯಿತೆಂಬುದನ್ನು ಕಮಿಟ್ ಸಂದೇಶ ಹೇಳಬೇಕು.

ಹಕ್ಕುಸ್ವಾಮ್ಯದ ವಿಷಯವನ್ನು ಮುಂದಕ್ಕೆ ಹಾಕಬಾರದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಯೋಜನೆ 2004ರಲ್ಲಿ ಜಾರಿಗೆ ತಂದ ಪದ್ಧತಿಯಂತೆ, ಈ ಕೋಡನ್ನು ಯೋಜನೆಯ ಲೈಸೆನ್ಸಿನಡಿ ಕೊಡುವ ಹಕ್ಕು ತಮಗಿದೆ ಎಂದು ಕೊಡುಗೆದಾರರು ಪ್ರತಿ ಕಮಿಟ್‌ನಲ್ಲೂ "ಸೈನ್ಡ್-ಆಫ್-ಬೈ" ಎಂಬ ಸಾಲಿನ ಮೂಲಕ ದೃಢಪಡಿಸುತ್ತಾರೆ. ಸಹಿ ಮಾಡಬೇಕಾದ ಒಪ್ಪಂದ ಪತ್ರವನ್ನು ಬಯಸುವ ಯೋಜನೆಗಳೂ ಇವೆ. ಸಣ್ಣ ಯೋಜನೆಗೆ ಮೊದಲನೆಯದೇ ಸುಲಭ.

ಬೇಡವಾದ ಕೊಡುಗೆಯನ್ನು ತಿಂಗಳುಗಟ್ಟಲೆ ತೆರೆದಿಡುವುದು ಸೌಜನ್ಯವಲ್ಲ. ಕಾರಣವನ್ನು ಎರಡು ವಾಕ್ಯಗಳಲ್ಲಿ ತಿಳಿಸಿ, ಶ್ರಮಕ್ಕೆ ಧನ್ಯವಾದ ಹೇಳಿ, ಮುಚ್ಚಬೇಕು. ಒಳ್ಳೆಯ ಕೋಡ್ ಅರ್ಧಕ್ಕೆ ನಿಂತು ಬರೆದವರು ಉತ್ತರಿಸದಿದ್ದರೆ, ನಿರ್ವಾಹಕರೇ ಅದನ್ನು ಮುಗಿಸಿ, ಮೂಲ ಲೇಖಕರ ಹೆಸರನ್ನು ಕಮಿಟ್‌ನಲ್ಲಿ ಉಳಿಸಬಹುದು.

ಸತತವಾಗಿ ಒಳ್ಳೆಯ ಕೆಲಸ ಮಾಡುವವರಿಗೆ ಹಕ್ಕುಗಳನ್ನು ಕೊಡಲೇಬೇಕು, ಆದರೆ ಹಂತ ಹಂತವಾಗಿ: ಮೊದಲು ಇಶ್ಯೂಗಳ ವಿಂಗಡಣೆ, ನಂತರ ರಿವ್ಯೂ, ಆಮೇಲೆ ಮರ್ಜ್, ಎಲ್ಲದರ ನಂತರ ಬಿಡುಗಡೆ. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ತಂತ್ರಾಂಶದ ಪ್ರಕರಣವನ್ನು ಪ್ರತಿ ನಿರ್ವಾಹಕರೂ ಓದಿ ತಿಳಿಯಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ಕೊಡುಗೆ ನೀಡಿ ನಂಬಿಕೆ ಗಳಿಸಿದ ಒಂದು ಖಾತೆಯಿಂದಲೇ 5.6.0 ಮತ್ತು 5.6.1 ಆವೃತ್ತಿಗಳಿಗೆ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿತ್ತು. ದುರುದ್ದೇಶದ ಕೋಡ್ ಟೆಸ್ಟ್ ಕಡತಗಳಲ್ಲಿ ಅಡಗಿತ್ತು, ಅದನ್ನು ಸಕ್ರಿಯಗೊಳಿಸುವ ಬಿಲ್ಡ್ ಸ್ಕ್ರಿಪ್ಟ್ ಬಿಡುಗಡೆಯ ಕಡತಗಂಟಿನಲ್ಲಿ ಮಾತ್ರ ಇತ್ತು, ಗಿಟ್ ರೆಪಾಸಿಟರಿಯಲ್ಲಿ ಇರಲಿಲ್ಲ. ಒಬ್ಬರೇ ಹೊರೆ ಹೊತ್ತಿದ್ದ ನಿರ್ವಾಹಕರ ಮೇಲೆ ಅಧಿಕಾರ ಹಂಚಿಕೊಳ್ಳುವಂತೆ ಬೇರೆ ಖಾತೆಗಳಿಂದ ಒತ್ತಡವೂ ಬಂದಿತ್ತು. ಆದ್ದರಿಂದ ಬಿಡುಗಡೆಯ ಕಡತಗಳನ್ನು ಯಾರದೋ ಸ್ವಂತ ಕಂಪ್ಯೂಟರಿನಲ್ಲಿ ಕಟ್ಟದೆ, ರೆಪಾಸಿಟರಿಯ ಟ್ಯಾಗ್‌ನಿಂದ (ಆವೃತ್ತಿಯ ಹೆಸರಿನಿಂದ ಗುರುತಿಸಿದ ಕಮಿಟ್‌ನಿಂದ) ಎಲ್ಲರಿಗೂ ಕಾಣುವ ಬಿಲ್ಡ್ ವ್ಯವಸ್ಥೆಯಲ್ಲೇ ಕಟ್ಟಬೇಕು. ನಿರ್ವಾಹಕರ ಕೋಡಿಗೂ ಇನ್ನೊಬ್ಬರ ರಿವ್ಯೂ ಇರಬೇಕು, ಓದಿ ಅರ್ಥಮಾಡಿಕೊಳ್ಳಲಾಗದ ಬೈನರಿ ಕಡತಗಳು ಬಂದರೆ ಅವುಗಳನ್ನು ತಯಾರಿಸಿದ ವಿಧಾನವನ್ನು ಕೇಳಿ ಪಡೆಯಬೇಕು. ಎಲ್ಲ ನಿರ್ವಾಹಕರ ಖಾತೆಗಳಿಗೂ ಎರಡು ಹಂತದ ಲಾಗಿನ್ ಕಡ್ಡಾಯವಾಗಿರಲಿ. ಬಹುಕಾಲದಿಂದ ಸಕ್ರಿಯರಲ್ಲದವರ ಹಕ್ಕುಗಳನ್ನು ಅವರಿಗೆ ತಿಳಿಸಿಯೇ ಹಿಂಪಡೆದು, ಅವರ ಹೆಸರನ್ನು ಹಿಂದಿನ ನಿರ್ವಾಹಕರ ಪಟ್ಟಿಯಲ್ಲಿ ಉಳಿಸಬೇಕು. ಮರಳಿ ಬಂದರೆ ಹಕ್ಕುಗಳನ್ನು ಮತ್ತೆ ಪಡೆಯುವುದು ಹೇಗೆಂಬುದನ್ನೂ ಆ ಪಟ್ಟಿಯಿರುವ ಕಡತದಲ್ಲೇ ಬರೆದಿಡಬೇಕು.